ಅಟ್ಟಿಸಿಕೊಂಡು ಬಂದ ನೆರಳಿಗೆ ಹೆಸರೇನು?

[ಕಪ್ಪು ಪರದೆ. ಗುಡ್ಡದ ಮೇಲೆ ಗಾಳಿಯ ಸದ್ದು.]

ಗೆಡ್ ಕಮ್ಮಾರನ ಮಗ. ಬೆಟ್ಟದೂರಿನಲ್ಲಿ ಆಡು ಮೇಯಿಸಿಕೊಂಡಿದ್ದ ಹುಡುಗ. ಈಗ ರೋಕ್ ದ್ವೀಪದಲ್ಲಿ ಮಂತ್ರವಿದ್ಯೆ ಕಲಿಯುತ್ತಿದ್ದಾನೆ. ತುಂಬಾ ಚುರುಕು. ಆದರೆ ಜಾಸ್ಪರ್ ಎಂಬ ದೊಡ್ಡ ಮನೆತನದ ಹುಡುಗನನ್ನು ಕಂಡರೆ ಮೈಯೆಲ್ಲ ಉರಿ. ಜಾಸ್ಪರ್ ಮಾಡಿದ್ದಾದರೂ ಏನು? ನಯವಾಗಿ ನಗುತ್ತಾ ‘ಆಡು ಕಾಯೋನು’ ಅಂತ ಚುಚ್ಚುತ್ತಾನೆ. ಆ ವಯಸ್ಸಿನಲ್ಲಿ ಅಷ್ಟು ಸಾಕಲ್ವಾ?

ಒಂದು ರಾತ್ರಿ ಮಾತಿಗೆ ಮಾತು ಬೆಳೆಯುತ್ತದೆ. ಎಂದೋ ಸತ್ತ ಹೆಣ್ಣೊಬ್ಬಳ ಆತ್ಮವನ್ನು ಕರೆಸಿ ತೋರಿಸ್ತೀನಿ ಅಂತ ಗೆಡ್ ಪಂಥ ಕಟ್ಟುತ್ತಾನೆ. ಕರೆದೂ ಬಿಡುತ್ತಾನೆ.

[ಚಿತ್ರ: ಕತ್ತಲಲ್ಲಿ ಬೆಳಕಿನ ಸೀಳು.]

ಒಂದು ಗಳಿಗೆ ಆಕೆಯ ಮುಖ ಕಾಣುತ್ತದೆ. ಆಮೇಲೆ ಆ ಸೀಳು ಹರಿದು ಅಗಲವಾಗುತ್ತದೆ. ಅದರೊಳಗಿಂದ ಕಪ್ಪಗಿನ ನೆರಳೊಂದು ನೆಗೆದು ನೇರ ಇವನ ಮುಖಕ್ಕೇ ಹಾರುತ್ತದೆ. ಚಿಕ್ಕ ಮಗುವಿನಷ್ಟು ಗಾತ್ರ. ತಲೆಯಿಲ್ಲ, ಮುಖವಿಲ್ಲ, ಬರೀ ಉಗುರಿರುವ ನಾಲ್ಕು ಕಾಲು. ಆ ಸೀಳನ್ನು ಮುಚ್ಚಿದ ಹಿರಿಯ ಗುರು ಅದರಲ್ಲೇ ಪ್ರಾಣ ಬಿಡುತ್ತಾರೆ. ಗೆಡ್ ಬದುಕುತ್ತಾನೆ, ಕೆನ್ನೆಯ ಮೇಲೆ ಗಾಯದ ಗುರುತು ಹೊತ್ತು.

ಇದು ‘ಎ ವಿಝರ್ಡ್ ಆಫ್ ಅರ್ಥ್‌ಸೀ’. ಅಮೆರಿಕದ ಉರ್ಸುಲಾ ಲೆ ಗ್ವಿನ್ ಬರೆದ ಕಾದಂಬರಿ, 1968ರದ್ದು. ಫ್ಯಾಂಟಸಿ ಅಂದರೆ ದೂರದ ಕೋಟೆಯಲ್ಲಿ ಕೂತ ದುಷ್ಟ, ಅವನನ್ನು ಕೊಂದರೆ ಕಥೆ ಮುಗೀತು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆ ನೆರಳನ್ನು ಒಳಗೆ ಬಿಟ್ಟುಕೊಂಡಿದ್ದು ನಮ್ಮ ಹೀರೋನೇ. (ಅಂದಹಾಗೆ, ಈ ಹೀರೋ ಕಂದುಮೈಯವನು, ಗೆಳೆಯ ವೆಚ್ ಕಪ್ಪು, ಇವನ ಊರಿನ ಮೇಲೆ ದಾಳಿ ಮಾಡುವ ಪಡೆ ಬಿಳಿ. ಲೇಖಕಿ ಬೇಕಂತಲೇ ಹಾಗೆ ಬರೆದರು. 2004ರ ಟಿವಿ ಸರಣಿ ಗೆಡ್‌ನನ್ನು ಬೆಳ್ಳಗೆ ಮಾಡಿತು. ಅವರು ಸಿಟ್ಟಾಗಿ ಬಹಿರಂಗವಾಗಿಯೇ ಬರೆದರು.)

ಗೆಡ್ ಓಡುತ್ತಾನೆ. ಓಡಿದಷ್ಟೂ ನೆರಳಿಗೆ ಬಲ ಬರುತ್ತದೆ. ಬೀದಿನಾಯಿ ಕಂಡರೆ ಓಡಬೇಡ ಅಂತ ಮನೆಯಲ್ಲಿ ಹೇಳ್ತಾರಲ್ಲ, ಹಳೆಯ ಗುರು ಒಗಿಯಾನ್ ಹೇಳುವುದೂ ಹೆಚ್ಚುಕಡಿಮೆ ಅದೇ: ತಿರುಗಿ ನಿಲ್ಲು. ಗೆಡ್ ತಿರುಗುತ್ತಾನೆ. ಈಗ ಓಡುವ ಸರದಿ ನೆರಳಿನದು.

ಒಂದು ತೊಡಕಿದೆ. ಆ ಲೋಕದಲ್ಲಿ ಯಾರದೇ ನಿಜವಾದ ಹೆಸರು ಗೊತ್ತಾದರೆ ಅವರು ನಿಮ್ಮ ಹಿಡಿತಕ್ಕೆ ಬಂದಂತೆ. ನೆರಳಿಗೆ ಇವನ ಹೆಸರು ಗೊತ್ತು. ಇವನಿಗೆ ಅದರದ್ದು ಗೊತ್ತಿಲ್ಲ.

[ಚಿತ್ರ: ಸಮುದ್ರದ ನಡುವೆ ಸಣ್ಣ ದೋಣಿ.]

ಲೋಕದ ಅಂಚಿನಲ್ಲಿ ಇಬ್ಬರೂ ಎದುರುಬದುರಾಗುತ್ತಾರೆ. ನೆರಳು ಮುಖ ಬದಲಿಸುತ್ತಾ ಬರುತ್ತದೆ. ಮೊದಲು ಅಪ್ಪ, ಆಮೇಲೆ ಜಾಸ್ಪರ್. ನನಗೆ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಈ ಮುಖಗಳೇ. ದ್ವೇಷ ಬರುವುದು ಗುರುತಿದ್ದವರ ಮುಖ ಹೊತ್ತೇ. ಕೊನೆಗೆ ಇಬ್ಬರೂ ಒಂದೇ ಗಳಿಗೆಯಲ್ಲಿ ಒಂದೇ ಹೆಸರು ಹೇಳುತ್ತಾರೆ: ‘ಗೆಡ್’. ಕತ್ತಿ ಬೀಸುವುದಿಲ್ಲ, ಯಾರೂ ಸಾಯುವುದಿಲ್ಲ. ಅವನು ಅದನ್ನು ತಬ್ಬಿಕೊಳ್ಳುತ್ತಾನೆ.

ಇಷ್ಟಾದರೂ ದೋಣಿಯಲ್ಲಿ ಜೊತೆಗೆ ಬಂದಿದ್ದ ಗೆಳೆಯ ವೆಚ್‌ಗೆ ಭಯ ಹೋಗಿಲ್ಲ. ಪಕ್ಕದಲ್ಲಿ ಕೂತಿರುವುದು ಗೆಡ್‌ನೇ, ಅಥವಾ ಅವನ ರೂಪ ಹೊತ್ತ ಬೇರೇನೋ? ಅವನಿಗೆ ಗೊತ್ತಾಗುತ್ತಿಲ್ಲ. ಗಂಟೆಗಟ್ಟಲೆ ಅವನ ಕೈ ಲಂಗರಿನ ಹತ್ತಿರವೇ ಇದೆ. ಅನುಮಾನ ನಿಜವಾದರೆ ಅದರಿಂದ ದೋಣಿಯ ಹಲಗೆ ಒಡೆದು, ಇಬ್ಬರನ್ನೂ ನಡುಸಮುದ್ರದಲ್ಲೇ ಮುಳುಗಿಸಬೇಕು.

ಗೆಡ್ ಬಾಯಿ ಬಿಟ್ಟು ಮಾತಾಡಿದ ಮೇಲೆಯೇ ಆ ಕೈ ಸಡಿಲವಾಗುವುದು.