ಕೆಂಪು ಕಣ್ಣು, ತಲೆಯೊಳಗೆ ಸುಯ್‌ಗುಡುವ ಸದ್ದು

ಕೇಳುಗರಿಗೆ ನಮಸ್ಕಾರ.

ಚಿತ್ರದುರ್ಗ–ದಾವಣಗೆರೆ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರಲ್ಲಿ ಕೆಲವರಿಗೆ, ಗಾಯ ಮಾಯ್ದ ಮೇಲೆ ಒಂದು ಕಣ್ಣು ಕೆಂಪಾಗಿ ಊದಿಕೊಳ್ಳುತ್ತದೆ. ಮನೆಯವರು ಕಣ್ಣುಬೇನೆ ಅಂದುಕೊಂಡು ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕುತ್ತಾರೆ. ಸೋಂಕಿನ ಕಣ್ಣುಬೇನೆಯಲ್ಲಿ ಪಿಸುರು ಕಟ್ಟುತ್ತದೆ, ಒಂದೆರಡು ವಾರದಲ್ಲಿ ಇಳಿಯುತ್ತದೆ. ಇದು ಹಾಗಲ್ಲ. ಇದು ಕ್ಯಾರೋಟಿಡ್-ಕ್ಯಾವರ್ನಸ್ ಫಿಸ್ಟುಲಾ, ಅಂದರೆ ಕಣ್ಣಿನ ಹಿಂದೆ ರಕ್ತನಾಳ ಸೋರುವ ತೊಂದರೆ. ಗುಡ್ಡೆ ಮುಂದಕ್ಕೆ ಬರುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ರಾತ್ರಿ ದಿಂಬಿಗೆ ತಲೆಯಿಟ್ಟರೆ ನಾಡಿ ಬಡಿದಂತೆಲ್ಲ ಸುಯ್, ಸುಯ್ ಎಂದು ಸದ್ದು ಕೇಳುತ್ತದೆ. ಈ ಸದ್ದಿನ ಮಾತನ್ನು ರೋಗಿ ತಾನಾಗಿ ಹೇಳುವುದು ಕಡಿಮೆ, ವೈದ್ಯರೇ ಕೇಳಬೇಕು. ಮುಚ್ಚಿದ ರೆಪ್ಪೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟರೆ ಎಷ್ಟೋ ಸಲ ಅವರಿಗೂ ಅದು ಕೇಳಿಸುತ್ತದೆ.

ಕಣ್ಣಿನ ಹಿಂದೆ, ತಲೆಬುರುಡೆಯ ತಳದಲ್ಲಿ ಕ್ಯಾವರ್ನಸ್ ಸೈನಸ್ ಎಂಬ ಮಲಿನರಕ್ತದ ಕೋಣೆಯಿದೆ. ಮಿದುಳಿಗೆ ಹೋಗುವ ಕ್ಯಾರೋಟಿಡ್ ಅಪಧಮನಿ ಅದರ ನಡುವೆಯೇ ಹಾದುಹೋಗುತ್ತದೆ. ಪೆಟ್ಟಿಗೆ ಅಪಧಮನಿ ಹರಿದರೆ, ಏರು ಒತ್ತಡದ ರಕ್ತ ನೇರ ಈ ಕೋಣೆಗೆ ನುಗ್ಗಿ, ಕಣ್ಣಿನಿಂದ ಬರಬೇಕಾದ ರಕ್ತವನ್ನು ಹಿಂದಕ್ಕೆ ತಳ್ಳುತ್ತದೆ. ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದಷ್ಟು ಇರುವ ಕಣ್ಣಿನ ಒತ್ತಡ ಏರುತ್ತದೆ. ಬಿಟ್ಟರೆ ದೃಷ್ಟಿಯೇ ಹೋಗಬಹುದು. ಇನ್ನೊಂದು ಬಗೆಯದು ಪೆಟ್ಟಿಲ್ಲದೆ, ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಲ್ಲಿ, ಮಿದುಳಿನ ಹೊದಿಕೆಯ ಸಣ್ಣ ನಾಳಗಳಿಂದ ನಿಧಾನಕ್ಕೆ ಆಗುತ್ತದೆ.

ಸಿ.ಟಿ. ಅಥವಾ ಎಂ.ಆರ್.ಐ.ನಲ್ಲಿ ಕಣ್ಣಿನ ಮೇಲಿನ ಅಭಿಧಮನಿ ಉಬ್ಬಿರುವುದು ಕಂಡರೆ ಅನುಮಾನ ಬಲವಾಗುತ್ತದೆ. ಖಚಿತವಾಗುವುದು ರಕ್ತನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇ ತೆಗೆಯುವ ಡಿ.ಎಸ್.ಎ. ಎಂಬ ಆಂಜಿಯೋಗ್ರಾಮಿನಿಂದ. ಅದಕ್ಕೂ ಮುಂದಿನ ಚಿಕಿತ್ಸೆಗೂ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಹೋಗಬೇಕಾಗಬಹುದು. ಹೋಗುವಾಗ ಹಳೆಯ ಸ್ಕ್ಯಾನ್ ಫಿಲಂ, ಕಿಡ್ನಿಯ ಕ್ರಿಯಾಟಿನಿನ್ ವರದಿ ಜೊತೆಗಿರಲಿ. ಸಕ್ಕರೆಗೆ ಮೆಟ್‌ಫಾರ್ಮಿನ್ ನುಂಗುವವರು ಮೊದಲೇ ಹೇಳಬೇಕು.

ತಲೆ ತೆರೆಯುವ ಅಗತ್ಯ ಈಗ ಅಪರೂಪ. ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ಏರಿಸಿ, ಅದರೊಳಗೆ ಇನ್ನೂ ಸಪೂರದ ಕೊಳವೆಯನ್ನು ಬಿರುಕಿನ ತನಕ ಒಯ್ದು, ಆ ಕೋಣೆಗೆ ಪ್ಲಾಟಿನಂ ಸುರುಳಿಗಳನ್ನು ತುಂಬುತ್ತಾರೆ. ಕೆಲವೊಮ್ಮೆ ಗಟ್ಟಿಯಾಗುವ ದ್ರವವನ್ನೂ ಸೇರಿಸುತ್ತಾರೆ. ದಾರಿ ಸಿಗದಿದ್ದರೆ ಮೇಲ್ರೆಪ್ಪೆಯಲ್ಲಿ ಸಣ್ಣ ಸೀಳು ಮಾಡಿ ಅಲ್ಲಿಂದ ಹೋಗುವುದೂ ಉಂಟು. ಸುರುಳಿ ಅಥವಾ ದ್ರವ ಅಪಧಮನಿಗೆ ಜಾರಿದರೆ ಪಾರ್ಶ್ವವಾಯು ಆಗಬಹುದು. ಅದಕ್ಕೇ ಕೆಲವೊಮ್ಮೆ ಅಪಧಮನಿಯೊಳಗೆ ಬಲೂನ್ ಉಬ್ಬಿಸಿ ತಡೆ ಕಟ್ಟಿಕೊಂಡು ತುಂಬುತ್ತಾರೆ.

ನಿಧಾನಗತಿಯ ಬಗೆಯಲ್ಲಿ ಕೆಲವು ತಾವಾಗಿ ಮುಚ್ಚಿಕೊಳ್ಳುತ್ತವೆ. ದೃಷ್ಟಿಗೆ ಅಪಾಯವಿಲ್ಲದಿದ್ದರೆ ಕುತ್ತಿಗೆಯ ನಾಡಿಯನ್ನು ಒತ್ತುವುದನ್ನು ವೈದ್ಯರು ಕಲಿಸಿಕೊಡುತ್ತಾರೆ: ಮಲಗಿ ಅಥವಾ ಕೂತು, ಮೊದಮೊದಲು 10 ಸೆಕೆಂಡಿನಷ್ಟು, ಗಂಟೆಗೆ ಕೆಲವು ಸಲ. ಬಲಗಡೆಯ ನಾಡಿಯನ್ನು ಎಡಗೈಯಿಂದಲೇ ಒತ್ತಬೇಕು. ಬಲ ಮಿದುಳಿಗೆ ರಕ್ತ ಸಾಲದಾದರೆ ಸೋಲುವುದು ಎಡಗೈ. ಅದು ತಾನಾಗಿ ಜಾರಿ ಒತ್ತಡ ಬಿಡುತ್ತದೆ. ಬಲಗೈಯಿಂದ ಒತ್ತಿದರೆ ಈ ಕಾವಲು ಇರುವುದಿಲ್ಲ. ಕುತ್ತಿಗೆಯ ನಾಳದಲ್ಲಿ ಕೊಬ್ಬು ಕಟ್ಟಿದವರು ಒತ್ತಲೇಬಾರದು. ನಾಳದಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಮೊದಲು. ನೆರೆಮನೆಯವರು ಹೇಳಿದರೆಂದು ಶುರುಮಾಡುವ ಕೆಲಸ ಇದಲ್ಲ.

ಚಿಕಿತ್ಸೆ ಮುಗಿದ ಮೇಲೆ ತೂತು ಮಾಡಿದ ಕಾಲನ್ನು ಹೇಳಿದಷ್ಟು ಗಂಟೆ ಮಡಚದೆ ಮಲಗಬೇಕು. ಸದ್ದು ಬಹಳ ಸಲ ಅಲ್ಲೇ ನಿಲ್ಲುತ್ತದೆ, ಕೆಂಪು ದಿನಗಳಲ್ಲಿ ಇಳಿಯುತ್ತದೆ. ಎರಡೆರಡು ಕಾಣುವುದು ಹೋಗಲು ತಿಂಗಳುಗಳೇ ಬೇಕಾಗಬಹುದು. ಅಲ್ಲಿಯವರೆಗೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಬಹುದು, ಬೈಕ್ ಮಾತ್ರ ಮುಟ್ಟಬೇಡಿ. ಕೆಲವರಿಗೆ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವಾಗ ಊತ ತಾತ್ಕಾಲಿಕವಾಗಿ ಹೆಚ್ಚುತ್ತದೆ. ಅದು ಗುಣವಾಗುವ ಹಾದಿಯೇ ಇರಬಹುದು, ಆದರೆ ಹಾಗೆಂದು ತೀರ್ಮಾನಿಸಬೇಕಾದವರು ವೈದ್ಯರು. ದೃಷ್ಟಿ ಮಂದವಾದರೆ, ಕೈಕಾಲು ಸೋತರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯದೆ ಆಗಲೇ 108ಕ್ಕೆ ಕರೆ ಮಾಡಿ.