ಮಿಷನ್ ಸತ್ತಿಲ್ಲ, ಸ್ವಿಚ್ಚಿಗೆ ಕೈ ಹಾಕಬೇಡಿ

ಕೇಳುಗರಿಗೆ ನಮಸ್ಕಾರ.

ವಿಜಯಪುರದ ಸ್ಟೇಷನ್ ರಸ್ತೆಗೆ ಹೊಂದಿಕೊಂಡ ಒಂದು ಓಣಿಯಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಅಂಗಡಿ ಇದೆ. ಮೂರು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮಿಷನ್. ಬಾಗಿಲಲ್ಲಿ ನಿಂತು ಕತ್ತು ಚಾಚಿದರೆ ಗೋಲಗುಮ್ಮಟದ ನೆತ್ತಿ ಕಾಣುತ್ತದೆ. ಪಹಣಿ ತೆಗೆಸುವವರು, ಬೆಳೆ ವಿಮೆ ತುಂಬುವವರು, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ಹಾಕುವವರು, ಇಂಡಿ, ಸಿಂದಗಿ, ತಿಕೋಟಾ ಕಡೆಯಿಂದ ಬಸ್ಸು ಹಿಡಿದು ಬರುತ್ತಾರೆ. ಈ ಅಂಗಡಿಯಲ್ಲಿ ನಾನು ಅತಿ ಜಾಸ್ತಿ ಕೇಳಿದ ಮಾತು ಒಂದೇ: "ಸರ, ಹ್ಯಾಂಗ್ ಆತ್ರೀ."

ಅದರ ಬಗ್ಗೆಯೇ ಇವತ್ತಿನ ಮಾತು. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಇವನ್ನೆಲ್ಲ ಬ್ರೌಸರ್ ಅನ್ನುತ್ತೇವಲ್ಲ, ಅವು ತಾವು ನಿಂತರೆ ನಿಲ್ಲಲಿ. ಇಡೀ ಪರದೆಯನ್ನೇ ಹಿಡಿದುಕೊಂಡು ನಿಲ್ಲುತ್ತವೆ ನೋಡಿ, ಅದು ತಾಪತ್ರಯ. ಕೆಳಗಿನ ಪಟ್ಟಿ ಮಾಯವಾಗುತ್ತದೆ. ಬೇರೆ ಫೈಲು ತೆರೆಯಲು ಬರುವುದಿಲ್ಲ. ಆಗ ಕೈ ಸೀದಾ ಸ್ವಿಚ್ಚಿಗೆ ಹೋಗುತ್ತದೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವನು. ಒಮ್ಮೆ ಹೀಗೆ ಸ್ವಿಚ್ ಕಿತ್ತಾಗ ಬ್ರೌಸರ್ ಒಳಗೆ ಕೂಡಿಟ್ಟಿದ್ದ ಬುಕ್‌ಮಾರ್ಕ್ ಅಷ್ಟೂ ಹೋದವು. ಡಿಸ್ಕಿಗೆ ಏನೋ ಬರೆಯುತ್ತಿರುವಾಗ ಕರೆಂಟ್ ತೆಗೆದರೆ ಬರೆದದ್ದು ಅರ್ಧಕ್ಕೆ ನಿಲ್ಲುತ್ತದೆ, ಮರುದಿನ ಆ ಫೈಲು ತೆರೆಯುವುದೇ ಇಲ್ಲ.

ಹಾಗಾದರೆ ಮೊದಲು ಏನು ಮಾಡಬೇಕು? ಕೀಬೋರ್ಡಿನಲ್ಲಿ ಕ್ಯಾಪ್ಸ್ ಲಾಕ್ ಅಂತ ಒಂದು ಕೀ ಇದೆ, ಎಡಗಡೆ. ಅದನ್ನು ಒತ್ತಿ. ಕೀಬೋರ್ಡಿನ ಮೂಲೆಯ ಸಣ್ಣ ದೀಪ ಹತ್ತಿತೇ? ಮತ್ತೆ ಒತ್ತಿದರೆ ಆರಿತೇ? ಹಾಗಿದ್ದರೆ ಒಳಗೆ ಜೀವ ಇದೆ. ಕಂಪ್ಯೂಟರ್ ನಿಮ್ಮ ಮಾತು ಕೇಳುತ್ತಿದೆ, ಉತ್ತರ ಕೊಡಲು ಪುರುಸೊತ್ತಿಲ್ಲ ಅಷ್ಟೇ. ದೀಪ ಏನು ಮಾಡಿದರೂ ಅಲುಗದಿದ್ದರೆ, ಇಲಿಯೂ, ಅಂದರೆ ಮೌಸಿನ ಬಾಣವೂ, ಓಡದಿದ್ದರೆ, ಎರಡು ಮೂರು ನಿಮಿಷ ಕಾದ ಮೇಲೆ ಸ್ವಿಚ್ಚಿನ ಮಾತು. ನನ್ನ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗ ಈಗ ಮೊದಲು ಇದನ್ನೇ ಮಾಡುತ್ತಾನೆ. "ಜೀವ ಐತ್ರೀ" ಅಂತ ಅಲ್ಲಿಂದಲೇ ಕೂಗುತ್ತಾನೆ. ಬಂದವರು ಒಮ್ಮೆ ಬೆಚ್ಚಿಬಿದ್ದು ನೋಡುತ್ತಾರೆ!

ಜೀವ ಇದೆ ಅಂತ ಗೊತ್ತಾದ ಮೇಲೆ, ಯಾವ ಬಗೆಯ ಹ್ಯಾಂಗ್ ಅಂತ ನೋಡಬೇಕು. ಎಲ್ಲ ಹ್ಯಾಂಗೂ ಒಂದೇ ಅಲ್ಲ.

ಒಂದು ಬಗೆ, ನಿಧಾನಕ್ಕೆ ಬರುವುದು. ಇಲಿ ಜಗ್ಗಿ ಜಗ್ಗಿ ಓಡುತ್ತದೆ. ಕಂಪ್ಯೂಟರ್ ಪೆಟ್ಟಿಗೆಯ ಮೇಲಿನ ಡಿಸ್ಕ್ ದೀಪ ಮಿಣುಕುವುದು ಬಿಟ್ಟು ಒಂದೇ ಸಮನೆ ಉರಿಯುತ್ತದೆ. ಒಳಗಿಂದ ಕರಕರ ಸದ್ದು. ಇದು ಮೆಮೊರಿ ಸಾಲದ ಹ್ಯಾಂಗ್. ನಮ್ಮ ಕಡೆ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು, ಹಿರಿಯರಿಗೆ ನೆನಪಿರುತ್ತದೆ. ನೆಲದೊಳಗಿನ ದೊಡ್ಡ ಕಣಜ. ದಿನದ ಅಡುಗೆಗೆ ಬೇಕಾದ ಹಿಟ್ಟು ಮಾತ್ರ ಡಬ್ಬಿಯಲ್ಲಿ, ಒಲೆಯ ಪಕ್ಕ. ಕಂಪ್ಯೂಟರಿನ ರ್‍ಯಾಮ್ ಅಂದರೆ ಈ ಡಬ್ಬಿ, ಹಾರ್ಡ್ ಡಿಸ್ಕ್ ಅಂದರೆ ಹಗೇವು. ಡಬ್ಬಿ ಸಣ್ಣದಾಗಿ, ರೊಟ್ಟಿ ಮಾಡುವವರು ಜಾಸ್ತಿಯಾದರೆ, ಒಂದೊಂದು ರೊಟ್ಟಿಗೂ ಹಗೇವಿಗೆ ಇಳಿದು ಹಿಡಿ ಹಿಡಿ ಜೋಳ ತರಬೇಕಾಗುತ್ತದೆ. ಒಲೆ ಸುಮ್ನೆ ಉರಿಯುತ್ತಿರುತ್ತದೆ, ರೊಟ್ಟಿ ಬರುವುದಿಲ್ಲ. ಎಷ್ಟು ತಡ ಅಂತ ಕೇಳಿದರೆ, ರ್‍ಯಾಮ್‌ನಿಂದ ಒಂದು ವಸ್ತು ತರಲು ಸೆಕೆಂಡಿನ ಕೋಟಿಯಲ್ಲೊಂದು ಪಾಲು ಸಾಕು. ತಿರುಗುವ ಹಾರ್ಡ್ ಡಿಸ್ಕಿಗೆ ಸೆಕೆಂಡಿನ ನೂರರಲ್ಲೊಂದು ಪಾಲು ಬೇಕು. ಸುಮಾರು 1 ಲಕ್ಷ ಪಟ್ಟು ವ್ಯತ್ಯಾಸ.

ಇದರಲ್ಲಿ ಬ್ರೌಸರಿನ ಪಾತ್ರ ದೊಡ್ಡದು. 2008ರಲ್ಲಿ ಕ್ರೋಮ್ ಬಂದಾಗ ಒಂದೊಂದು ಟ್ಯಾಬಿಗೂ, ಅಂದರೆ ಒಳಗೆ ತೆರೆದ ಒಂದೊಂದು ಪುಟಕ್ಕೂ, ಬೇರೆ ಬೇರೆ ಒಲೆ ಹೂಡುವ ಪದ್ಧತಿ ತಂದಿತು. ಒಂದು ಟ್ಯಾಬ್ ಕೆಟ್ಟರೆ ಉಳಿದವು ಕೆಡಬಾರದು ಅಂತ. ಒಳ್ಳೆಯ ಯೋಚನೆಯೇ. ಆದರೆ ಮೆಮೊರಿ ಜಾಸ್ತಿ ತಿನ್ನುತ್ತದೆ. 4 ಜಿಬಿ ರ್‍ಯಾಮ್ ಇರುವ ಮಿಷನ್‌ನಲ್ಲಿ ಮೂವತ್ತು ಟ್ಯಾಬ್ ತೆರೆದಿಟ್ಟು, "ಇಂಟರ್‌ನೆಟ್ ಸ್ಲೋ ಐತಿ" ಅಂದರೆ ಪಾಪ ಇಂಟರ್‌ನೆಟ್ ಏನು ಮಾಡೀತು?

ಇಂಥ ಹೊತ್ತಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಬರೆದುಕೊಳ್ಳುವವರು ಬರೆದುಕೊಳ್ಳಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ, ಒಳಗೆ ಏನೇನು ಓಡುತ್ತಿದೆ ಅಂತ ತೋರಿಸುವ ಪಟ್ಟಿ ಅದು. ತಡವಾಗಿ ಬರಬಹುದು, ಕಾಯಿರಿ, ಹತ್ತು ಸಲ ಒತ್ತಬೇಡಿ. ಬರದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್. ಇದಕ್ಕೆ ವಿಂಡೋಸ್ ಪ್ರತ್ಯೇಕ ಪರದೆಯನ್ನೇ ಇಟ್ಟಿರುತ್ತದೆ, ಹಾಗಾಗಿ ಉಳಿದದ್ದು ಸಿಕ್ಕಿಕೊಂಡರೂ ಇದು ಬಹುತೇಕ ತೆರೆಯುತ್ತದೆ. ಅಲ್ಲಿಂದ ಟಾಸ್ಕ್ ಮ್ಯಾನೇಜರ್ ಆರಿಸಿ. ಅದರಲ್ಲಿ ಮೆಮೊರಿ ಅನ್ನುವ ತಲೆಬರಹ ಒತ್ತಿದರೆ ಜಾಸ್ತಿ ತಿನ್ನುವವರು ಮೇಲೆ ಬರುತ್ತಾರೆ. ಬ್ರೌಸರ್ ಆರಿಸಿ ಎಂಡ್ ಟಾಸ್ಕ್. ಕ್ರೋಮ್‌ಗೆ ತನ್ನದೇ ಟಾಸ್ಕ್ ಮ್ಯಾನೇಜರ್ ಕೂಡ ಇದೆ. ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಯಾವ ಟ್ಯಾಬ್ ತುಂಟ ಅಂತ ಹೆಸರಿನ ಸಮೇತ ತೋರಿಸುತ್ತದೆ. ಅದೊಂದನ್ನೇ ಹೊರಗೆ ಹಾಕಿದರೆ ಸಾಕು, ತುಂಬುತ್ತಿದ್ದ ಅರ್ಜಿ ಉಳಿಯುತ್ತದೆ.

ಕೆಳಗಿನ ಪಟ್ಟಿಯೇ ಮಾಯವಾಗಿದ್ದರೆ, ಅದೇ ಟಾಸ್ಕ್ ಮ್ಯಾನೇಜರಿನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಹುಡುಕಿ ರೀಸ್ಟಾರ್ಟ್ ಕೊಡಿ. ಪಟ್ಟಿ, ಡೆಸ್ಕ್‌ಟಾಪ್ ಎರಡನ್ನೂ ನೋಡಿಕೊಳ್ಳುವುದು ಅದೇ. ವಿಂಡೋಸ್ ಬದಲು ಲಿನಕ್ಸ್ ಬಳಸುವವರು ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಕಪ್ಪು ಪರದೆಗೆ ಹೋಗಿ, ಲಾಗಿನ್ ಆಗಿ, ಅಲ್ಲಿಂದ ಬ್ರೌಸರನ್ನು ನಿಲ್ಲಿಸಬಹುದು.

ಇಲ್ಲೊಂದು ಹಳ್ಳ ಇದೆ, ನಾನು ಬಿದ್ದು ಎದ್ದಿದ್ದೇನೆ. ಬ್ರೌಸರ್ ಮತ್ತೆ ತೆರೆದ ಕೂಡಲೇ "ಹಳೆಯ ಪುಟಗಳನ್ನು ಮತ್ತೆ ತೆರೆಯಲೇ?" ಅಂತ ಕೇಳುತ್ತದೆ. ಖುಷಿಯಿಂದ ಹೂಂ ಅಂದುಬಿಡುತ್ತೇವೆ. ಮೂವತ್ತು ಟ್ಯಾಬೂ ವಾಪಸು, ಹ್ಯಾಂಗೂ ವಾಪಸು. ಬೇಡ ಅನ್ನಿ. ಬೇಕಾದ್ದನ್ನು ಹಿಸ್ಟರಿಯಿಂದ ಒಂದೊಂದೇ ತೆರೆಯಿರಿ.

ಈಗ ನನ್ನನ್ನು ನಿಜವಾಗಿ ಕಾಡಿದ ಹ್ಯಾಂಗಿಗೆ ಬರುತ್ತೇನೆ. ನನ್ನ ಮೂರನೇ ಮಿಷನ್ ಇದ್ದಕ್ಕಿದ್ದಂತೆ ಕಲ್ಲಾಗುತ್ತಿತ್ತು. ನಿಧಾನ ಆಗುವುದಿಲ್ಲ, ಡಿಸ್ಕ್ ದೀಪ ಉರಿಯುವುದಿಲ್ಲ. ಚೆನ್ನಾಗಿ ಓಡುತ್ತಿದ್ದದ್ದು ಟಕ್ ಅಂತ ನಿಂತುಬಿಡುತ್ತಿತ್ತು. ವೈರಸ್ ಅಂದುಕೊಂಡು ತೊಳೆದೆ. ರ್‍ಯಾಮ್ 4ರಿಂದ 8 ಜಿಬಿಗೆ ಏರಿಸಿದೆ, ದುಡ್ಡು ಕೈಬಿಟ್ಟಿತು. ಒಬ್ಬ ರಿಪೇರಿಯವರ ಮಾತು ಕೇಳಿ ವಿಂಡೋಸನ್ನೇ ಹೊಸದಾಗಿ ಹಾಕಿಸಿದೆ. ಎರಡು ದಿನ ಸುಮ್ಮನಿತ್ತು. ಮೂರನೇ ದಿನ ಮತ್ತೆ ಕಲ್ಲು.

ಗುಟ್ಟು ಬಿಟ್ಟುಕೊಟ್ಟವರು ಒಬ್ಬ ದ್ರಾಕ್ಷಿ ಬೆಳೆಗಾರರು. ತಿಕೋಟಾ ಕಡೆಯವರು. ಅಕ್ಟೋಬರ್ ಚಾಟ್ನಿಯ ಹೊತ್ತು, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕಾಲ. ಅವರ ಪ್ರಿಂಟ್ ಬರುವ ತನಕ ಆ ಮಿಷನ್‌ನಲ್ಲಿ ಬಳ್ಳಿ ಕತ್ತರಿಸುವ ವಿಡಿಯೊ ನೋಡುತ್ತ ಕೂತಿದ್ದರು. ಪರದೆ ನಿಂತಿತು. ಕತ್ತರಿ ಬಳ್ಳಿಯ ಮೇಲೆ, ಬಾಯಿ ತೆರೆದಿದ್ದಂತೆಯೇ ನಿಂತಿದೆ. ಆದರೆ ಮಾತು ನಿಲ್ಲಲಿಲ್ಲ! ಕಡ್ಡಿಯಲ್ಲಿ ಎಷ್ಟು ಕಣ್ಣು, ಅಂದರೆ ಮೊಗ್ಗು, ಉಳಿಸಬೇಕು, ಯಾವ ಕಡ್ಡಿ ತೆಗೆಯಬೇಕು, ಎಲ್ಲ ಕೇಳುತ್ತಲೇ ಇದೆ. "ಚಿತ್ರ ಹೋತ್ರಿ, ಮಾತು ಐತ್ರಿ, ನಡೀತದ ಬಿಡ್ರಿ" ಅಂದರು ಅವರು, ಕಿವಿಗೊಟ್ಟು ಕೂತೇ ಇದ್ದರು.

ನನಗೆ ಅಲ್ಲೇ ಹೊಳೆಯಿತು. ಮಾತು ಬರುತ್ತಿದೆ ಅಂದರೆ ಮಿಷನ್ ಕೆಲಸ ಮಾಡುತ್ತಿದೆ, ಬ್ರೌಸರ್ ಕೂಡ ಮಾಡುತ್ತಿದೆ. ನಿಂತದ್ದು ಚಿತ್ರ ಬಿಡಿಸುವ ಭಾಗ ಮಾತ್ರ, ಗ್ರಾಫಿಕ್ಸ್. ಊರಿಗೊಂದೇ ಹಿಟ್ಟಿನ ಗಿರಣಿ ಇದ್ದಂತೆ ಇದು. ಬ್ರೌಸರ್ ತನ್ನ ವಿಡಿಯೊವನ್ನು ಅಲ್ಲಿಗೇ ಬೀಸಲು ಕಳಿಸುತ್ತದೆ, ವಿಂಡೋಸ್ ತನ್ನ ಕಿಟಕಿ, ಪಟ್ಟಿ, ಎಲ್ಲವನ್ನೂ ಅಲ್ಲಿಗೇ ಕಳಿಸುತ್ತದೆ. ಒಬ್ಬರ ಜೋಳ ಕಲ್ಲಿಗೆ ಸಿಕ್ಕಿಕೊಂಡರೆ ಪಾಳಿಯಲ್ಲಿ ನಿಂತವರೆಲ್ಲ ನಿಲ್ಲಬೇಕು. ಅದಕ್ಕೇ ಬ್ರೌಸರಿನ ರೋಗ ಡೆಸ್ಕ್‌ಟಾಪಿಗೆ ಹಬ್ಬಿದ್ದು. ಗ್ರಾಫಿಕ್ಸ್ 2 ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ತಾನೇ ಅದನ್ನು ಎಬ್ಬಿಸಲು ನೋಡುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮರಳುವುದು ಅದೇ. ಎಲ್ಲ ಸಲವೂ ಏಳುವುದಿಲ್ಲ. ಆಗ ನಾವೇ ಎಬ್ಬಿಸಬಹುದು: ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ. ನಾಲ್ಕೂ ಒಟ್ಟಿಗೆ. ಒಂದು ಬೀಪ್ ಸದ್ದು, ಪರದೆ ಮಿಟುಕುತ್ತದೆ.

ಆ ದಿನ ನಾನು ಇದನ್ನು ಒತ್ತಿದೆ. ಕತ್ತರಿ ಬಾಯಿ ಮುಚ್ಚಿತು, ಕಡ್ಡಿ ಉದುರಿತು. ಎಂಟು ತಿಂಗಳ ಕಾಟ. ಆಮೇಲೆ ಬ್ರೌಸರಿನ ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಮ್ ಅನ್ನುವ ಕಡೆ ಗ್ರಾಫಿಕ್ಸ್ ಆಕ್ಸಲರೇಷನ್ ಅಂತ ಇರುವುದನ್ನು ಆಫ್ ಮಾಡಿದೆ. ಹಾಗೆ ಮಾಡಿದರೆ ಬ್ರೌಸರ್ ತನ್ನ ಜೋಳವನ್ನು ಆ ಗಿರಣಿಗೆ ಕಳಿಸುವುದಿಲ್ಲ, ಮಿಷನ್ನಿನ ಮುಖ್ಯ ಚಿಪ್ಪಾದ ಪ್ರೊಸೆಸರೇ ಬೀಸಬೇಕು. ಗ್ರಾಫಿಕ್ಸನ್ನು ನಡೆಸುವ ಪ್ರೋಗ್ರಾಂ, ಅಂದರೆ ಡ್ರೈವರ್, ಹಳೆಯದಾಗಿತ್ತು, ಅದನ್ನೂ ಹೊಸದು ಹಾಕಿದೆ. ರ್‍ಯಾಮ್‌ಗೆ ಕೊಟ್ಟ ದುಡ್ಡು ದಂಡವೇನಲ್ಲ, ಬೇರೆ ಕೆಲಸಕ್ಕೆ ಬಂತು ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಎಕ್ಸ್‌ಟೆನ್ಷನ್‌ಗಳನ್ನೂ ಒಮ್ಮೆ ನೋಡಿ, ಬ್ರೌಸರಿಗೆ ನಾವು ಮೇಲಿಂದ ಸೇರಿಸುವ ಸಣ್ಣ ಸಣ್ಣ ಪ್ರೋಗ್ರಾಂಗಳು ಅವು. ಯಾರೋ ಹೇಳಿದರು ಅಂತ ಸೇರಿಸಿಕೊಂಡವು ಎಷ್ಟಿರುತ್ತವೋ. ಫೈರ್‌ಫಾಕ್ಸ್ ತೆರೆಯುವಾಗ ಶಿಫ್ಟ್ ಹಿಡಿದರೆ ಅವು ಇಲ್ಲದೆಯೇ ತೆರೆಯುತ್ತದೆ. ಹಾಗೆ ಸರಿ ಓಡಿದರೆ ಕಳ್ಳ ಅಲ್ಲೇ ಇದ್ದಾನೆ. ಮತ್ತೆ ನಮ್ಮೂರಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ, ಅಲ್ವಾ? ಫ್ಯಾನಿನಲ್ಲಿ ಧೂಳು ಕಟ್ಟಿದ್ದರೆ ಪ್ರೊಸೆಸರ್ ಕಾಯ್ದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಕರೆಂಟ್ ತೆಗೆದು ಬ್ರಷ್ ಆಡಿಸಿ.

ಇನ್ನೊಂದು ಬಗೆ ಇದೆ, ಅದು ಹ್ಯಾಂಗೇ ಅಲ್ಲ, ಮೋಸ. ಒಬ್ಬ ನಿವೃತ್ತ ಮಾಸ್ತರರು ಲ್ಯಾಪ್‌ಟಾಪನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಓಡಿ ಬಂದಿದ್ದರು. ಒಳಗಿಂದ ಸೈರನ್ ಹೊಡೆದುಕೊಳ್ಳುತ್ತಿದೆ. ಪರದೆ ತುಂಬ ಕೆಂಪು: ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ. ಅದು ಬರೀ ಒಂದು ವೆಬ್ ಪುಟ, ಪರದೆ ತುಂಬ ಹರಡಿಕೊಂಡು ಹೆದರಿಸುತ್ತದೆ. ಎಸ್ಕೇಪ್ ಕೀಯನ್ನು ಒತ್ತಿ ಹಿಡಿಯಿರಿ, ಪುಟ ಕುಗ್ಗುತ್ತದೆ. ಆಮೇಲೆ ಆಲ್ಟ್ ಮತ್ತು ಎಫ್4, ಅದಕ್ಕೂ ಜಗ್ಗದಿದ್ದರೆ ಟಾಸ್ಕ್ ಮ್ಯಾನೇಜರ್. ಆ ನಂಬರಿಗೆ ಫೋನ್ ಮಾತ್ರ ಬೇಡ. ಮಾಡಿ ದುಡ್ಡು ಕಳೆದುಕೊಂಡಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಮಾಸ್ತರರದು ಒಂದು ನಿಮಿಷದಲ್ಲಿ ಮುಗಿಯಿತು. ಸೈರನ್ ನಿಂತ ಮೇಲೂ ಅವರು ಲ್ಯಾಪ್‌ಟಾಪ್ ಮುಟ್ಟಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಚಹಾ ತರಿಸಿದೆ.

ಮೂರನೇ ಮಿಷನ್ ಈಗಲೂ ಅಂಗಡಿಯಲ್ಲಿದೆ. ವಿಡಿಯೊ ಹಾಕಿದರೆ ಪ್ರೊಸೆಸರ್ ಒಂದೇ ಎಲ್ಲ ಹೊರಬೇಕು, ಫ್ಯಾನ್ ಗಿರಣಿಯಂತೆ ಸದ್ದು ಮಾಡುತ್ತದೆ. ದ್ರಾಕ್ಷಿಯವರು ಏಪ್ರಿಲ್ ಚಾಟ್ನಿಗೆ ಮತ್ತೆ ಬಂದಿದ್ದರು. ಅದೇ ಕುರ್ಚಿಗೆ ಕೂತರು. ಫ್ಯಾನಿನ ಸದ್ದು ಕೇಳಿ, "ಈಗ ಚಿತ್ರ ಐತ್ರಿ, ಮಾತು ಕೇಳವಲ್ದು" ಅಂದರು.

ನಮಸ್ಕಾರ.