ಒಂದೆಕರೆ ಬಿಸಿಲಿನ ತೂಕ

ಕಾರವಾರ ಆಕಾಶವಾಣಿ ಕೇಳ್ತಾ ಇರೋ ಎಲ್ಲರಿಗೂ ನಮಸ್ಕಾರ. ಇವತ್ತು ಬಿಸಿಲಿನ ತೂಕದ ಬಗ್ಗೆ ಮಾತಾಡೋಣ ಅಂತ. ಸೆಕೆ ಅಲ್ಲ ಮಾರಾಯ್ರೆ, ತೂಕ. ಶಿರಸಿ ಕಡೆ ಅಂಗಳದ ತುಂಬ ಚಾಲಿ ಅಡಿಕೆ ಹರವಿರ್ತಾರಲ್ಲ, ಮಧ್ಯಾಹ್ನದ ಬಿಸಿಲು ಅದನ್ನ ಒಣಗಿಸ್ತದೆ, ಜೊತೆಗೆ ಒಂಚೂರು ಕೆಳಕ್ಕೆ ಒತ್ತುತ್ತದೆ ಕೂಡ. ಎಷ್ಟು ಅಂತೀರಿ? ಒಂದು ಎಕರೆ ಪೂರ್ತಿ ಬಿದ್ದ ಬಿರುಬಿಸಿಲಿನ ಒತ್ತಡ ಎಲ್ಲ ಒಟ್ಟುಗೂಡಿಸಿದ್ರೂ ಸುಮಾರು ಒಂದೂವರೆ ಗ್ರಾಂ, ಒಂದೇ ಒಂದು ಅಡಿಕೆಯ ತೂಕಕ್ಕೂ ಸಾಲೋದಿಲ್ಲ.

ಧೂಮಕೇತುವಿನ ಬಾಲ ಯಾವಾಗ್ಲೂ ಸೂರ್ಯನಿಗೆ ಬೆನ್ನು ಹಾಕಿರ್ತದೆ, ಬಿಸಿಲೇ ಅದನ್ನ ತಳ್ತಿರಬೇಕು ಅಂತ ಖಗೋಳ ವಿಜ್ಞಾನಿ ಕೆಪ್ಲರ್ 1619ರಲ್ಲೇ ಹೇಳಿದ್ದ. ಆಮೇಲೆ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಲೆಕ್ಕ ಹಾಕಿ ತೋರಿಸಿದ, 1900ರ ಹೊತ್ತಿಗೆ ರಷ್ಯಾದ ಲೆಬೆಡೆವ್ ಅಳೆದೂ ಬಿಟ್ಟ. ಇಲ್ಲಿ ನನ್ನದೊಂದು ತಪ್ಪು ಒಪ್ಕೋಬೇಕು. ಗಾಜಿನ ಬುರುಡೆಯೊಳಗೆ ಒಂದು ಬದಿ ಕಪ್ಪು ಒಂದು ಬದಿ ಬಿಳಿ ರೆಕ್ಕೆ ಇರೋ ಗಿರಗಿಟ್ಲೆ ನೋಡಿರ್ತೀರಿ, ಬಿಸಿಲಿಗಿಟ್ರೆ ತಿರುಗ್ತದೆ, ಅದನ್ನ ಹಿಡ್ಕೊಂಡು ವರ್ಷಗಟ್ಟಲೆ ಮಕ್ಕಳಿಗೆ "ನೋಡಿ ಬೆಳಕು ತಳ್ತಾ ಉಂಟು" ಅಂತ ಪಾಠ ಮಾಡಿದ್ದೇನೆ. ಸುಳ್ಳು! ಬೆಳಕು ತಳ್ಳೋದಾದ್ರೆ ಅದನ್ನ ವಾಪಸ್ ಎಸೆಯೋ ಬಿಳಿ ಬದಿಗೆ ಹೆಚ್ಚು ಪೆಟ್ಟು ಬೀಳಬೇಕಿತ್ತು, ಆದ್ರೆ ಹಿಂದೆ ಸರಿಯೋದು ಕಪ್ಪು ಬದಿ, ಅದು ಬುರುಡೆಯೊಳಗೆ ಉಳಿದ ಚೂರುಪಾರು ಗಾಳಿ ಬಿಸಿಯಾಗಿ ಮಾಡೋ ಕೆಲಸ.

ಇಷ್ಟು ಬಡಪಾಯಿ ಬಲದಿಂದ ಎಂತ ಪ್ರಯೋಜನ? ವಸ್ತು ಸಣ್ಣದಾದ್ರೆ ಉಂಟು. ಅಮೆರಿಕದ ಬೆಲ್ ಲ್ಯಾಬ್ಸಲ್ಲಿ ಆರ್ಥರ್ ಆಶ್ಕಿನ್ ಅನ್ನೋರು 1970ರಲ್ಲಿ ಲೇಸರ್ ಬಿಟ್ಟು ನೀರಲ್ಲಿದ್ದ ಕಣ್ಣಿಗೆ ಕಾಣದಷ್ಟು ಸಣ್ಣ ಪಾರದರ್ಶಕ ಮಣಿಗಳನ್ನ ಓಡಿಸಿದ್ರು, 1986ರಲ್ಲಿ ಜೊತೆಗಾರರ ಸಂಗಡ ಸೇರಿ ಲೆನ್ಸಿನಿಂದ ಚೂಪು ಮಾಡಿದ ಒಂದೇ ಕಿರಣದಲ್ಲಿ ಮಣಿಯನ್ನ ಹಿಡಿದು ನಿಲ್ಲಿಸಿದ್ರು. ಕಾಳಿ ನದಿಯಲ್ಲಿ ದೋಣಿಯವ ಹುಟ್ಟಿಂದ ನೀರನ್ನ ಹಿಂದೆ ತಳ್ಳಿದ್ರೆ ದೋಣಿ ಮುಂದೆ ಹೋಗ್ತದಲ್ಲ, ಹಾಗೇ ಮಣಿ ಬೆಳಕನ್ನ ಒಂದು ಕಡೆ ಬಾಗಿಸಿದ್ರೆ ತಾನು ಇನ್ನೊಂದು ಕಡೆ ಸರೀತದೆ, ಸರಿದು ಸರಿದು ಕಿರಣ ಚೂಪಾದಲ್ಲೇ ಬಂದು ಕೂರ್ತದೆ. ಇದಕ್ಕೆ ಆಶ್ಕಿನ್‌ಗೆ ನೊಬೆಲ್ ಬಂದದ್ದು 2018ರಲ್ಲಿ, ಆಗ ಅವರಿಗೆ 96 ವರ್ಷ!

ನನಗೆ ಇದಕ್ಕಿಂತ ಖುಷಿ ಕೊಡೋದು ಕನ್ನಡಿಯ ಆಟ. ಹಲಸಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಮಾಣಿ ಕೂತಿದ್ದಾನೆ ಅಂತ ಇಟ್ಕೊಳ್ಳಿ, ಅವ ದೂರ ಹೋಗ್ತಿರುವಾಗ ತಳ್ಳಿದ್ರೆ ಆಟ ಏರ್ತದೆ, ನಮ್ಮ ಕಡೆ ಬರ್ತಿರುವಾಗ ಅದೇ ಕೈ ಕೊಟ್ರೆ ನಿಂತೇಹೋಗ್ತದೆ. ಬಲ ಅದೇ, ಹೊತ್ತು ಬೇರೆ ಅಷ್ಟೇ. ಈಗ ಎದುರುಬದುರು ಎರಡು ಕನ್ನಡಿ ಇಟ್ಟು, ಒಂದನ್ನ ಸ್ಪ್ರಿಂಗಿನ ಮೇಲೆ ಕೂರಿಸಿ ನಡುವೆ ಬೆಳಕು ಬಿಟ್ರೆ, ಅದು ಸಾವಿರಾರು ಸಲ ಪುಟಿದು ಪ್ರತಿ ಸಲಾನೂ ತಳ್ತದೆ, ಆ ಕನ್ನಡಿ ಅಲುಗಿದ್ರೆ ಒಳಗೆ ತುಂಬೋ ಬೆಳಕು ಹೆಚ್ಚುಕಮ್ಮಿ ಆಗ್ತದೆ, ಆದ್ರೆ ತುಂಬ್ಲಿಕ್ಕೆ ಖಾಲಿಯಾಗ್ಲಿಕ್ಕೆ ಚೂರು ಟೈಮ್ ಬೇಕಲ್ಲ, ಹಾಗಾಗಿ ತಳ್ಳೋದು ಯಾವಾಗ್ಲೂ ಒಂದು ಕ್ಷಣ ಲೇಟು. ಆ ಲೇಟೇ ನಮ್ಮ ಅಸ್ತ್ರ! ಲೇಸರ್ ಬಣ್ಣವನ್ನ ಕನ್ನಡಿಗಳ ಅಂತರಕ್ಕೆ ಹೊಂದೋ ಬಣ್ಣಕ್ಕಿಂತ ಚೂರು ಕೆಂಪಿನ ಕಡೆ ಇಟ್ರೆ ಅಲುಗಾಟ ತಣ್ಣಗಾಗ್ತದೆ, ನೀಲಿಯ ಕಡೆ ಇಟ್ರೆ ಜೋರಾಗ್ತದೆ. ಅಮೆರಿಕದ ಕ್ಯಾಲ್‌ಟೆಕ್ ಅನ್ನೋ ವಿಜ್ಞಾನ ಸಂಸ್ಥೆಯವರು 2011ರಲ್ಲಿ ಸೆಕೆಂಡಿಗೆ ಸುಮಾರು 370 ಕೋಟಿ ಸಲ ನಡುಗೋ ಸಿಲಿಕಾನ್ ಕಡ್ಡಿಯನ್ನ, ಮೊದಲು ಫ್ರಿಜ್‌ನಲ್ಲಿ ತಣಿಸಿ ಆಮೇಲೆ ಹೀಗೇ ಬೆಳಕಿಂದ ಹಿಡಿದು, ಅಣುಲೋಕದ ಕ್ವಾಂಟಂ ನಿಯಮ ಬಿಡೋ ಕನಿಷ್ಠ ನಡುಕದ ಹತ್ತಿರಕ್ಕೆ ತಂದ್ರು. ನಡುಕ ಕಮ್ಮಿ ಅಂದ್ರೆ ಬಿಸಿಯೂ ಕಮ್ಮಿ, ಬೆಳಕು ಅಂದ್ರೆ ಕಾಸೋದು ಅಂತ ತಿಳ್ಕೊಂಡ ನಮಗೆ ಇದು ತಲೆಕೆಳಗೇ ಸರಿ.

ಬೆಳಕು ಒಂದೇ ಸಮನೆ ತಳ್ಳೋದೂ ಇಲ್ಲ. ಆಷಾಢದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಬೀಳ್ವಾಗ ದೂರದಿಂದ ಒಂದೇ ಸದ್ದು, ಕಿವಿಗೊಟ್ರೆ ಒಂದೊಂದೇ ಹನಿ ಅಡ್ಡಾದಿಡ್ಡಿ ಪಟಪಟ ಅಂತದೆ, ಬೆಳಕೂ ಹಾಗೇ ಕಣಕಣವಾಗಿ ಬಡೀತದೆ. ದೂರದ ಬಾಹ್ಯಾಕಾಶದಿಂದ ಬರೋ ಗುರುತ್ವ ತರಂಗ ಹಿಡಿಯೋ ಅಮೆರಿಕದ ಲೈಗೋ ಯಂತ್ರದಲ್ಲಿ 40 ಕಿಲೋ ತೂಕದ ಕನ್ನಡಿಗಳು ತೂಗುಬಿದ್ದಿವೆ, ಅಷ್ಟು ಭಾರದ್ದೂ ಈ ಕ್ವಾಂಟಂ ಗದ್ದಲಕ್ಕೆ ಅಲುಗೋದನ್ನ 2020ರಲ್ಲಿ ಅಳೆದು ತೋರಿಸಿದ್ದಾರೆ. ಅಂಥದ್ದೇ ಯಂತ್ರ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಗೂ ಬರ್ಲಿಕ್ಕುಂಟು, 2023ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಾಗಿದೆ. ನಮಸ್ಕಾರ.